ಹಿತ್ತಲ ಬೇಲಿಯಾಚೆ ಕಾಡಿರುವ ಮನೆ

ನಿಮ್ಮ ಪತ್ರ ಎರಡು ಸಲ ಓದಿದೆ. ಸಿಡ್ನಿಯಲ್ಲಿ ಕೆಲಸ ಸಿಕ್ಕಿದೆ, ಸೆಪ್ಟೆಂಬರಿನಲ್ಲಿ ತೀರ್ಥಹಳ್ಳಿಯಿಂದ ಹೊರಡುತ್ತಿದ್ದೀರಿ. ಊರೊಳಗಿನ ಬಾಡಿಗೆ ಕೇಳಿ ತಲೆ ತಿರುಗಿ, ಬ್ಲೂ ಮೌಂಟನ್ಸ್ ಕಡೆ ಸ್ಪ್ರಿಂಗ್‌ವುಡ್ ಹತ್ತಿರ ಒಂದು ಮನೆ ನೋಡಿಟ್ಟಿದ್ದೀರಿ. ಹಿತ್ತಲ ಬೇಲಿ ದಾಟಿದರೆ ಕಾಡು. "ನಾವು ಮಲೆನಾಡಿನವರು, ಕಾಡು ನಮಗೆ ಹೊಸದಲ್ಲ. ಟೀವಿಯಲ್ಲಿ ಬೆಂಕಿ ನೋಡಿ ಮನೆಯವರು ಮಾತ್ರ ಹೆದರಿದ್ದಾರೆ. ನೀವು ಅಲ್ಲೇ ಫೈರ್ ಸರ್ವಿಸಿನಲ್ಲಿದ್ದೀರಂತೆ, ಹೇಗಿರುತ್ತೆ ಹೇಳಿ" ಅಂತ ಕೇಳಿದ್ದೀರಿ. ಶಾಲೆ, ಸಂಬಳ, ತೆಂಗಿನಕಾಯಿ ರೇಟು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಬೆಂಕಿ ವಿಷಯ ಮಾತ್ರ ಹೇಳುತ್ತೇನೆ.

ಒಂದು ತಿದ್ದುಪಡಿ. ನಾನು ಫೈರ್ ಸರ್ವಿಸಿನ ನೌಕರ ಅಲ್ಲ. ವಾರವೆಲ್ಲ ಪ್ಯಾರಾಮ್ಯಾಟಾದ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತೇನೆ. ಇಲ್ಲಿ ಪಟ್ಟಣಗಳನ್ನು ನೋಡಿಕೊಳ್ಳಲು ಫೈರ್ ಅಂಡ್ ರೆಸ್ಕ್ಯೂ ದಳ ಇದೆ. ಕಾಡು, ಹಳ್ಳಿ, ಊರಂಚು ಹೆಚ್ಚಾಗಿ ರೂರಲ್ ಫೈರ್ ಸರ್ವಿಸಿನ ಪಾಲು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯ ಒಂದರಲ್ಲೇ ಅದಕ್ಕೆ 70,000ಕ್ಕೂ ಹೆಚ್ಚು ಸ್ವಯಂಸೇವಕರು, ಸುಮಾರು 2,000 ಬ್ರಿಗೇಡುಗಳು, ಅಂದರೆ ಊರೂರಿನ ತಂಡಗಳು. ಸ್ವಯಂಸೇವಕರಿಗೆ ಸಂಬಳ ಇಲ್ಲ. ನಮ್ಮ ಲಾರಿಯಲ್ಲಿ ಒಬ್ಬ ಪ್ಲಂಬರ್, ಒಬ್ಬರು ನರ್ಸಮ್ಮ, ಒಬ್ಬರು ರಿಟೈರ್ ಆದ ಮೇಷ್ಟ್ರು, ಜೊತೆಗೆ ನಾನು, ಕೋಲಾರದವನು. ಫೋನು ಕಿರುಚಿದರೆ ಅನ್ನದ ತಟ್ಟೆ ಬಿಟ್ಟು ಓಡುವುದು.

ಈಗ ನಿಮ್ಮ ಪ್ರಶ್ನೆ. "ಕಾಡು ನಮಗೆ ಹೊಸದಲ್ಲ" ಅಂದಿರಲ್ಲ, ನನಗೆ ಭಯ ಆಗಿದ್ದೇ ಆ ಮಾತಿಗೆ. ನಮ್ಮ ಕಡೆ ಕಾಡಿಗೆ ಬೆಂಕಿ ಬಿದ್ದರೆ ಸಾಮಾನ್ಯವಾಗಿ ತರಗೆಲೆ ಹಿಡಿದು ನೆಲದ ಮೇಲೆ ಹರಿಯುತ್ತದೆ. ಫಾರೆಸ್ಟ್ ವಾಚರುಗಳು ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿದು ಆರಿಸುವುದನ್ನು ನೀವೂ ನೋಡಿರುತ್ತೀರಿ. ಇಲ್ಲಿನ ಕಾಡು ನೀಲಗಿರಿ ಮರದ್ದು. ನೆಗಡಿಯಾದರೆ ಹಣೆಗೆ ಹಚ್ಚುತ್ತೇವಲ್ಲ, ಆ ಎಣ್ಣೆ ಎಲೆ ತುಂಬ ಇರುತ್ತದೆ. ಕೆಲವು ಜಾತಿಯ ಮರಗಳಲ್ಲಿ ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ಜೋತಾಡುತ್ತಿರುತ್ತದೆ. ಗಾಳಿ ಜೋರಾದ ದಿನ ಅದೇ ಪಟ್ಟಿ ಉರಿಯುತ್ತಾ ಹಾರಿ, ಕಿಲೋಮೀಟರುಗಟ್ಟಲೆ ಆಚೆ ಬಿದ್ದು ಹೊಸ ಬೆಂಕಿ ಹಚ್ಚುತ್ತದೆ. ಎಷ್ಟೋ ಮನೆಗಳು ಜ್ವಾಲೆ ಬಂದು ಸುಡುವುದಲ್ಲ. ಕಿಡಿ ಬಂದು ಸೂರಿನ ದಂಬೆಯಲ್ಲಿ ತುಂಬಿದ ಒಣ ಎಲೆಗೆ ಬೀಳುತ್ತದೆ, ಅಷ್ಟೇ ಸಾಕು.

ಇನ್ನೊಂದು ಲೆಕ್ಕ ನೆನಪಿಟ್ಟುಕೊಳ್ಳಿ. ಬೆಂಕಿ ಏರು ಹತ್ತುವಾಗ ಜೋರು. ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಾದಂತೆ ಅದರ ವೇಗ ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ. ಸ್ಪ್ರಿಂಗ್‌ವುಡ್ ಸುತ್ತ ಒಳ್ಳೆಯ ನೋಟ ಇರುವ ಮನೆಗಳೆಲ್ಲ ದಿಬ್ಬದ ನೆತ್ತಿಯ ಮೇಲೆ, ಕೆಳಗೆ ಕಣಿವೆ ತುಂಬ ಕಾಡು. ಜಾಹೀರಾತಿನಲ್ಲಿ 'ವ್ಯೂ' ಅಂತ ಬರೆದಿರುವುದು ಅದನ್ನೇ.

2013ರ ಅಕ್ಟೋಬರ್ 17. ಇಲ್ಲಿ ಬೇಸಿಗೆ ಬರುವುದು ಡಿಸೆಂಬರಿಗೆ, ಅದು ಇನ್ನೂ ಶುರುವೇ ಆಗಿರಲಿಲ್ಲ. ಪಕ್ಕದ ವಿನ್‌ಮಲೀಯಲ್ಲಿ ಮರ ಕರೆಂಟು ತಂತಿಗೆ ಬಿದ್ದು ಹೊತ್ತಿದ ಬೆಂಕಿ, ಕತ್ತಲಾಗುವ ಹೊತ್ತಿಗೆ ಆ ಸುತ್ತ ಸುಮಾರು 200 ಮನೆ ತಿಂದಿತ್ತು. ಎರಡು ದಿನ ಆದಮೇಲೆ ಗೆಳೆಯನೊಬ್ಬನ ಬೀದಿಗೆ ಹೋಗಿದ್ದೆ. ಒಂದು ಮನೆ ಬೂದಿ, ಪಕ್ಕದ ಮನೆಯಲ್ಲಿ ತಂತಿ ಮೇಲೆ ಒಣ ಹಾಕಿದ ಬಟ್ಟೆ ಹಾಗೇ ಇದೆ. ಕಾರಿನ ಅಲ್ಯೂಮಿನಿಯಂ ಚಕ್ರ ಕರಗಿ ಇಳಿಜಾರಿನಲ್ಲಿ ಹರಿದು ಗಟ್ಟಿಯಾಗಿತ್ತು, ಥೇಟ್ ಎರಕ ಹೊಯ್ದ ಹಾಗೆ. ಆ ವರ್ಷವೇ ಬ್ರಿಗೇಡಿಗೆ ಹೆಸರು ಕೊಟ್ಟೆ.

ಅದಕ್ಕೇ ಹೇಳುವುದು: ವಿದೇಶ, ಇಲ್ಲಿ ಎಲ್ಲ ವ್ಯವಸ್ಥೆ ಇದೆ, ಫೋನ್ ಮಾಡಿದರೆ ಕೆಂಪು ಲಾರಿ ಬಂದೇ ಬರುತ್ತದೆ ಅಂತ ನಂಬಿ ಕೂರಬೇಡಿ. ಸಾಮಾನ್ಯ ದಿನ ಇಲ್ಲಿನ ತುರ್ತು ನಂಬರು 000ಕ್ಕೆ ಫೋನ್ ಮಾಡಿ, ಬರುತ್ತೇವೆ. ಕೆಟ್ಟ ದಿನ ನೂರು ಮನೆಗೆ ನಾಲ್ಕು ಲಾರಿ ಇದ್ದರೆ ಹೆಚ್ಚು. ಸರ್ವಿಸೇ ಇದನ್ನು ಬಾಯಿಬಿಟ್ಟು ಹೇಳುತ್ತದೆ. ರಸ್ತೆ ಬದಿಯಲ್ಲಿ ಆ ದಿನದ ಬೆಂಕಿ ಅಪಾಯ ಎಷ್ಟು ಅಂತ ತೋರಿಸುವ ಅರ್ಧಚಂದ್ರದ ಬೋರ್ಡು ಕಾಣುತ್ತದೆ: ಹಸಿರು, ಹಳದಿ, ಕಿತ್ತಳೆ, ಕಡುಗೆಂಪು. 2022ರಿಂದ ದೇಶಕ್ಕೆಲ್ಲ ಒಂದೇ ಪದ್ಧತಿ. ಮುಳ್ಳು ಕಡುಗೆಂಪಿಗೆ, ಅಂದರೆ ಎಲ್ಲಕ್ಕಿಂತ ಕೆಟ್ಟ ಮಟ್ಟವಾದ ಕೆಟಸ್ಟ್ರಾಫಿಕ್‌ಗೆ ಹೋಗುತ್ತದೆ ಅಂತ ಹಿಂದಿನ ದಿನ ಗೊತ್ತಾದರೆ, ಪಾಸ್‌ಪೋರ್ಟು, ಔಷಧಿ, ಮಕ್ಕಳನ್ನು ಕಾರಿಗೆ ಹಾಕಿಕೊಂಡು ಬೆಳಿಗ್ಗೆಯೇ ಊರೊಳಗೆ ಸ್ನೇಹಿತರ ಮನೆಗೆ ಹೋಗಿಬಿಡಿ. ಹೊಗೆ ಕಂಡಮೇಲೆ ಹೊರಟರೆ ಇಡೀ ಬೆಟ್ಟದ ಜನ ಒಂದೇ ಹೆದ್ದಾರಿಯಲ್ಲಿ ಇರುತ್ತಾರೆ. ಏನೂ ಆಗದೆ ಸಂಜೆ ವಾಪಸ್ ಬಂದರೆ ನಗುವವರು ನಗಲಿ.

2019ರ ಬೇಸಿಗೆ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಗಾಸ್ಪರ್ಸ್ ಮೌಂಟನ್ ಬೆಂಕಿ ಅಕ್ಟೋಬರ್ 26ರಂದು ಸಿಡಿಲಿನಿಂದ ಹೊತ್ತಿತು. ಫೆಬ್ರವರಿಯಲ್ಲಿ ಮಳೆ ಬಂದು ಆರಿತು, ನಾವು ಆರಿಸಿದೆವು ಅಂದರೆ ಸುಳ್ಳಾಗುತ್ತದೆ. ಸುಟ್ಟಿದ್ದು 5 ಲಕ್ಷ ಹೆಕ್ಟೇರಿಗೂ ಜಾಸ್ತಿ. ಬಂಡೀಪುರದಂಥ ಐದು ಕಾಡು ಸೇರಿಸಿದರೂ ಅಷ್ಟಾಗುವುದಿಲ್ಲ. ಡಿಸೆಂಬರ್ 19ರ ರಾತ್ರಿ ಇನ್ನೊಂದು ಬೆಂಕಿಯಲ್ಲಿ ಮರ ಬಿದ್ದು ಲಾರಿ ಮಗುಚಿ ನಮ್ಮಂಥದೇ ಇಬ್ಬರು ಸ್ವಯಂಸೇವಕರು ಹೋದರು, ಇಬ್ಬರಿಗೂ ಚಿಕ್ಕ ಮಕ್ಕಳು. ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ ಕುಟುಂಬದ ಜೊತೆ ಹವಾಯಿಗೆ ರಜೆಗೆ ಹೋಗಿದ್ದರು. ನಾನೇನು ಪೈಪ್ ಹಿಡಿಯುವವನಲ್ಲವಲ್ಲ ಅಂತ ರೇಡಿಯೋದಲ್ಲಿ ಹೇಳಿ ಎಲ್ಲರ ಬಾಯಿಗೆ ಸಿಕ್ಕರು. ಆಮೇಲೆ ದಿನಕ್ಕೆ 300 ಡಾಲರ್, ಹೆಚ್ಚೆಂದರೆ 6,000 ಅಂತ ಸ್ವಯಂಸೇವಕರಿಗೆ ಪರಿಹಾರ ಘೋಷಿಸಿದರು. ನಮ್ಮ ಮೇಷ್ಟ್ರು "ದುಡ್ಡು ಬೇಡ, ಒಂದು ಹೊಸ ಲಾರಿ ಕೊಡಿಸಲಿ" ಅಂದಿದ್ದರು.

ಟೀವಿಯಲ್ಲಿ ದೊಡ್ಡ ಜ್ವಾಲೆ, ವಿಮಾನ ತೋರಿಸುತ್ತಾರೆ. ನಮ್ಮ ಕೆಲಸದಲ್ಲಿ ಹೆಚ್ಚಿನ ಪಾಲು ಜ್ವಾಲೆ ಹೋದಮೇಲಿನದು. ಬೂದಿಯಲ್ಲಿ ಮಂಡಿಯೂರಿ, ಗ್ಲೌಸ್ ತೆಗೆದು, ಕೈ ಹಿಂಬದಿಯನ್ನು ನೆಲದ ಹತ್ತಿರ ಹಿಡಿದು ಶಾಖ ಹುಡುಕುವುದು. ಬೇರು ನೆಲದೊಳಗೆ ವಾರಗಟ್ಟಲೆ ಉರಿಯುತ್ತಿರುತ್ತದೆ. ಬಗೆದು ನೀರು ಬಿಡಬೇಕು, ಮತ್ತೆ ಬಗೆಯಬೇಕು. ಬೇಜಾರಿನ ಕೆಲಸ. ಇಲ್ಲಿನವರ ಜೊತೆ ನನಗೆ ಸಲಿಗೆ ಬೆಳೆದದ್ದು ಮಾತ್ರ ಆ ಬೂದಿಯಲ್ಲೇ, ಆಫೀಸಿನ ಕಾಫಿ ಕೋಣೆಯಲ್ಲಲ್ಲ.

ಮೊದಲ ತಿಂಗಳು ಸ್ನೇಹಿತರ ಫ್ಲ್ಯಾಟಿನಲ್ಲಿ ಇರುತ್ತೀರಿ ಅಂದಿರಿ. ಅಲ್ಲಿನ ಅಪಾಯವೇ ಬೇರೆ, ಒಗ್ಗರಣೆ! ಒಣಮೆಣಸು ಸೀದು ಹೊಗೆ ಎದ್ದರೆ ಬಾಲ್ಕನಿ ಬಾಗಿಲು ತೆಗೆಯಿರಿ. ಮುಂಬಾಗಿಲು ತೆಗೆಯಬೇಡಿ. ಮನೆಯೊಳಗಿನ ಅಲಾರಂ ಸುಮ್ನೆ ಕೂಗಿಕೊಳ್ಳುತ್ತದೆ, ಕಾರಿಡಾರಿನದು ಸಾಮಾನ್ಯವಾಗಿ ನೇರ ಫೈರ್ ಸ್ಟೇಷನ್ನಿಗೆ ಹೋಗುತ್ತದೆ. ಸುಳ್ಳು ಅಲಾರಂಗೆ ಸಾವಿರ ಡಾಲರಿಗೂ ಮೇಲೆ ಬಿಲ್ ಬರಬಹುದು. ನನ್ನ ಸ್ನೇಹಿತನ ಗೃಹಪ್ರವೇಶದಲ್ಲಿ ಪೂರ್ಣಾಹುತಿ ಹೊತ್ತಿಗೆ ಸರಿಯಾಗಿ ಹೆಲ್ಮೆಟ್ ಹಾಕಿಕೊಂಡ ನಾಲ್ಕು ಜನ ಬಂದು ನಿಂತಿದ್ದರು. ಪುರೋಹಿತರು ಅವರಿಗೂ ಪ್ರಸಾದ ಕೊಟ್ಟರು ಅನ್ನಿ. ಹಾಗಂತ ಅಲಾರಮ್ಮಿಗೆ ಪ್ಲಾಸ್ಟಿಕ್ ಕವರ್ ಕಟ್ಟಬೇಡಿ. ಫ್ಲ್ಯಾಟಿನಲ್ಲಿ ಡೆಲಿವರಿ ಮಾಡುವ ಹುಡುಗರಿದ್ದರೆ ಎಲೆಕ್ಟ್ರಿಕ್ ಸೈಕಲ್ಲಿನ ಬ್ಯಾಟರಿಯನ್ನು ರಾತ್ರಿ ಬಾಗಿಲ ಹತ್ತಿರ ಚಾರ್ಜಿಗೆ ಇಡಬೇಡಿ ಅಂತ ಹೇಳಿ. ಅದು ಹೊತ್ತಿಕೊಂಡರೆ ಹೊರಗೆ ಹೋಗುವ ದಾರಿಯೇ ಮುಚ್ಚಿತು. ಈಚೆಗೆ ಇಲ್ಲಿ ಇಂಥ ಬೆಂಕಿ ಜಾಸ್ತಿಯಾಗಿದೆ. ದೀಪಾವಳಿ ಬರುವುದೇ ಬೆಂಕಿ ಕಾಲದಲ್ಲಿ. ದೀಪ ಹಚ್ಚಿ, ಪಟಾಕಿ ಮರೆತುಬಿಡಿ.

ಈ ಕೆಲಸಕ್ಕೆ ಸೇರಿದಮೇಲೆ ನನಗೊಂದು ಚಾಳಿ ಬಂದಿದೆ. ಯಾವ ಊರಿಗೆ ಹೋದರೂ ಹೋಟೆಲ್ ರೂಮಿಗೆ ಮೊದಲು ಮೆಟ್ಟಿಲು ಹುಡುಕುತ್ತೇನೆ, ಅಲ್ಲಿಗೆ ಎಷ್ಟು ಬಾಗಿಲು ಅಂತ ಎಣಿಸುತ್ತೇನೆ. ಹೊಗೆಯಲ್ಲಿ ಕಣ್ಣು ಕಾಣದು, ಕೈ ಸವರಿಕೊಂಡು ಹೋಗಬೇಕು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು, ಕೆಲವರು ಹೊಗೆ ತಾಳಲಾರದೆ ಗಾಜು ಒಡೆದು ಹಾರಿದ್ದರು. ನಾನಾಗ ದೊಮ್ಮಲೂರಿನಲ್ಲಿ ಕೆಲಸದಲ್ಲಿದ್ದೆ. ಹೋದ ಸಲ ಊರಿಗೆ ಬಂದಾಗ ಒಂದು ಛತ್ರದಲ್ಲಿ ಹಿಂಬಾಗಿಲಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಕುರ್ಚಿ ಪೇರಿಸಿದ್ದರು. ನಾನೇ ಎತ್ತಿ ಪಕ್ಕಕ್ಕಿಟ್ಟೆ. ಊಟದ ಪಂಕ್ತಿ ಮುಗಿಯುವುದರೊಳಗೆ ಮತ್ತೆ ಅಲ್ಲೇ ಇದ್ದವು.

ಸರಿ, ನಿಮ್ಮ ಮನೆ ಬೇಡ ಅಂತ ನಾನು ಹೇಳುವುದಿಲ್ಲ. ನಾನೂ ಅಂಥದೇ ಮನೆಯಲ್ಲಿದ್ದೇನೆ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಹಿಂಬಾಗಿಲಿನಿಂದ ಮೊದಲ ಮರದವರೆಗೆ ಹೆಜ್ಜೆ ಎಣಿಸಿ. ನೆಲ ಅಲ್ಲಿಂದ ಕೆಳಗೆ ಇಳಿಯುತ್ತದೋ ಮೇಲೆ ಏರುತ್ತದೋ ನೋಡಿ. ದಂಬೆಯ ಫೋಟೋ ತೆಗೆದು, ಮೂರನ್ನೂ ನನಗೆ ಕಳಿಸಿ. ಶನಿವಾರವಾದರೆ ನಾನೇ ಬಂದು ನೋಡುತ್ತೇನೆ. ಏಣಿ ನನ್ನ ಹತ್ತಿರ ಇದೆ.