ಪ್ರೊಪೋಲಿಸ್ ಹಚ್ಚಿದರೆ ಗಾಯ ಬೇಗ ಮಾಯುತ್ತದೆಯೇ? ಸಕ್ಕರೆ ಕಾಯಿಲೆ ಇರುವ ನಮ್ಮ ತಂದೆಯ ಕಾಲಿನ ಹುಣ್ಣಿಗೆ ಹಚ್ಚಬಹುದೇ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಮನೆಯಲ್ಲಿ ನೀವಾಗಿಯೇ ಹಚ್ಚಬೇಡಿ. ನಾನು ಡಾಕ್ಟರಲ್ಲ, ಅಡಿಕೆ ತೋಟದಲ್ಲಿ ನಾಲ್ಕು ಜೇನುಪೆಟ್ಟಿಗೆ ಇಟ್ಟುಕೊಂಡವನು. ಆದರೂ ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಪ್ರೊಪೋಲಿಸ್ ಅಂದರೆ ಜೇನುಹುಳುಗಳು ಗೂಡಿಗೆ ಮೆತ್ತುವ ಅಂಟು. ನಮ್ಮ ತುಡುವೆ ಜೇನು ಈ ಅಂಟಿನ ತಂಟೆಗೇ ಹೋಗುವುದಿಲ್ಲ. ನೋಡಬೇಕೆಂದರೆ ಮುಜಂಟಿ, ಅಂದರೆ ಚುಚ್ಚದ ಸಣ್ಣ ಜೇನಿನ ಗೂಡು ಬಿಡಿಸಬೇಕು. ಒಳಗೆಲ್ಲ ಕಪ್ಪು-ಕಂದು ಅಂಟು, ಎಳೆದರೆ ನೂಲಿನ ಹಾಗೆ ಬರುತ್ತದೆ. ಹಲಸಿನ ಮೇಣದ ಥರವೇ, ಸೋಪಿಗೆ ಜಗ್ಗುವುದಿಲ್ಲ, ತೆಂಗಿನೆಣ್ಣೆ ಹಾಕಿ ಉಜ್ಜಬೇಕು. ಗಾಯವಾದ ಮರ ಸುರಿಸುವ ರಾಳ, ಮೊಗ್ಗಿನ ಅಂಟು ಇವನ್ನು ಹುಳುಗಳು ಹೊತ್ತು ತಂದು ಮೇಣ ಬೆರೆಸಿರುತ್ತವೆ. ಯುರೋಪಿನ ಮೆಲ್ಲಿಫೆರಾ ಜೇನುಹುಳುಗಳ ಗೂಡಿಗೆ ಇಲಿ ನುಗ್ಗಿ ಸತ್ತರೆ ಅದನ್ನು ಹೊರಗೆ ಎಳೆಯಲು ಅವಕ್ಕೆ ಆಗುವುದಿಲ್ಲ. ಹೆಣಕ್ಕೆ ಪ್ರೊಪೋಲಿಸ್ ಮೆತ್ತಿಬಿಡುತ್ತವೆ. ಅದು ಕೊಳೆಯದೆ ಒಣಗುತ್ತದೆ!

ಹಾಗಾಗಿ ಶಕ್ತಿ ಇರುವುದು ಸುಳ್ಳಲ್ಲ. ಲ್ಯಾಬಿನಲ್ಲಿ ಇದು ಕೀವು ಹುಟ್ಟಿಸುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ತಡೆಯುತ್ತದೆ, ಉರಿಯೂತವನ್ನೂ ಇಳಿಸುತ್ತದೆ. ಆದರೆ ಸ್ಯೂಡೊಮೊನಾಸ್, ಇ. ಕೋಲಿ ಥರದವುಗಳ ಮೇಲೆ ಇದರ ಆಟ ಅಷ್ಟಾಗಿ ನಡೆಯುವುದಿಲ್ಲ. ಸಕ್ಕರೆ ಕಾಯಿಲೆಯವರ ಕಾಲುಹುಣ್ಣಿನಲ್ಲಿ ಎಷ್ಟೋ ಸಲ ಕೂತಿರುವುದು ಅವೇ. ಅಂಥ ಹುಣ್ಣಿಗೆ ಪ್ರೊಪೋಲಿಸ್ ಹಚ್ಚಿ ಒಳ್ಳೆ ಫಲಿತಾಂಶ ಕಂಡ ಸಣ್ಣ ಅಧ್ಯಯನಗಳೂ ಇವೆ ಅನ್ನಿ. ಅಲ್ಲಿ ಡ್ರೆಸಿಂಗು, ಸತ್ತ ಚರ್ಮ ತೆಗೆಯುವುದು ಎಲ್ಲ ಮಾಮೂಲಿನಂತೆ ನಡೆದಿತ್ತು, ಇದು ಅದರ ಜೊತೆಗೆ.

ಇನ್ನೊಂದು ತೊಡಕು, ಮರ ಬದಲಾದರೆ ಪ್ರೊಪೋಲಿಸ್ಸೂ ಬದಲಾಗುತ್ತದೆ. ಯುರೋಪಿನದು ಹೆಚ್ಚಾಗಿ ಪಾಪ್ಲರ್ ಮೊಗ್ಗಿನದು. ಬ್ರೆಜಿಲ್‌ನ ಹಸಿರು ಪ್ರೊಪೋಲಿಸ್ ಬಕಾರಿಸ್ ಅನ್ನೋ ಪೊದೆಯದು. ಒಂದರ ಮೇಲೆ ನಡೆದ ಪರೀಕ್ಷೆ ಇನ್ನೊಂದಕ್ಕೆ ಹೊಂದಲೇಬೇಕು ಅಂತಿಲ್ಲ. ನೀವು ತರಿಸುವ ಬಾಟಲಿ ಯಾವ ಮರದ್ದು, ಯಾರಿಗೆ ಗೊತ್ತು?

ನನ್ನದೇ ಕಥೆ ಕೇಳಿ. ಅಡಿಕೆ ಸುಲಿಯುವಾಗ ಹೆಬ್ಬೆರಳು ಕೊಯ್ದುಕೊಂಡೆ. ಆನ್‌ಲೈನಲ್ಲಿ ತರಿಸಿದ್ದ ಪ್ರೊಪೋಲಿಸ್ ಟಿಂಕ್ಚರ್ ಸುರಿದುಕೊಂಡೆ. ಅದರಲ್ಲಿದ್ದ ಆಲ್ಕೋಹಾಲ್ ಉರಿಗೆ ನಕ್ಷತ್ರ ಕಂಡಿತು. ಮೂರನೇ ದಿನ ಗಾಯವೇನೋ ಕೂಡಿತ್ತು, ಆದರೆ ಸುತ್ತ ಗೇರುಸೊನೆ ತಾಗಿದ ಹಾಗೆ ಕೆಂಪು ಗುಳ್ಳೆ, ರಾತ್ರಿಯೆಲ್ಲ ತುರಿಕೆ. ಚರ್ಮದ ಡಾಕ್ಟರು ನೋಡಿದವರೇ "ಅಲರ್ಜಿ" ಅಂದರು. ಜೇನು ಸಾಕುವವರಲ್ಲಿ ಇದು ಜಾಸ್ತಿಯಂತೆ. ದಿನಾ ಮುಟ್ಟುತ್ತೇವೆ ಅಲ್ವಾ. ಗಾಯ ಮಾಯಿತು, ಗುಳ್ಳೆ ಹೋಗಲು ಎರಡು ವಾರ ಹಿಡಿಯಿತು.

ನಿಮಗೇ ಸಣ್ಣ ತರಚು ಗಾಯ ಆದರೆ ಪ್ರಯತ್ನಿಸಬಹುದು. ಮೊದಲು ಮೊಣಕೈ ಒಳಬದಿಗೆ ಒಂಚೂರು ಹಚ್ಚಿ, ಎರಡು-ಮೂರು ದಿನ ಕಾದು ನೋಡಿ. ತಂದೆಯ ವಿಷಯ ಬೇರೆ. ಅವರಿಗೆ ಮೊದಲು ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯಾ, ಸ್ಪರ್ಶ ಗೊತ್ತಾಗುತ್ತಿದೆಯಾ ಅಂತ ಪರೀಕ್ಷೆ ಆಗಬೇಕು. ಹುಣ್ಣಿನ ಸುತ್ತ ಕಪ್ಪಾಗಿದ್ದರೆ, ವಾಸನೆ ಬರುತ್ತಿದ್ದರೆ ಇವತ್ತೇ ಕರೆದುಕೊಂಡು ಹೋಗಿ. ನೋವಿಲ್ಲ ಅಂತ ಅವರು ಹೇಳಿದರೂ ಬಿಡಬೇಡಿ.