ಭೂಸಂರಕ್ಷಣೆಯ ಫೆಲೋಶಿಪ್: ಕೆಲಸದ ಸ್ವರೂಪವೇನು, ಮಲೆನಾಡಿಗೆ ಒದಗುವುದೆಷ್ಟು?

ಪ್ರಶ್ನೆ: ಅರಣ್ಯಶಾಸ್ತ್ರದ ಪದವಿ ಮುಗಿಸಿ ಊರಿನಲ್ಲಿದ್ದೇನೆ. ಅಮೆರಿಕದ ಒಂದು ಲ್ಯಾಂಡ್ ಟ್ರಸ್ಟ್, ಭೂಸಂರಕ್ಷಣೆ ಹಾಗೂ ನಿಸರ್ಗ ತಾಣಗಳ ಉಸ್ತುವಾರಿ ಕಲಿಯಲು ಹೊಸಬರಿಗೆ ಒಂದು ವರ್ಷದ ವೇತನಸಹಿತ ಫೆಲೋಶಿಪ್ ಪ್ರಕಟಿಸಿದೆ. ಮನೆಯವರು ಅರಣ್ಯ ಇಲಾಖೆಯ ಪರೀಕ್ಷೆಗೆ ಓದು ಎನ್ನುತ್ತಾರೆ. ಅಲ್ಲಿ ಮಾಡಬೇಕಾದ ಕೆಲಸವೇನು? ಕಲಿತದ್ದು ನಮ್ಮ ಕಡೆ ಉಪಯೋಗಕ್ಕೆ ಬರುತ್ತದೆಯೇ?
– ಓದುಗರು, ಮೂಡಿಗೆರೆ

ಉತ್ತರ: ಲ್ಯಾಂಡ್ ಟ್ರಸ್ಟ್ ಎಂಬುದು ಲಾಭದ ಉದ್ದೇಶವಿಲ್ಲದ ಖಾಸಗಿ ಸಂಸ್ಥೆ. ಅದು ಕಾಡು, ಜೌಗು, ಹುಲ್ಲುಗಾವಲುಗಳನ್ನು ಕೊಂಡು ಅಥವಾ ದಾನವಾಗಿ ಪಡೆದು ತಾನೇ ನೋಡಿಕೊಳ್ಳುತ್ತದೆ. ಇಲ್ಲವೇ, ಜಮೀನನ್ನು ಮಾಲೀಕರಲ್ಲೇ ಉಳಿಸಿ, ಅದನ್ನು ತುಂಡು ಮಾಡುವ ಮತ್ತು ಅಲ್ಲಿ ಕಟ್ಟಡ ಕಟ್ಟುವ ಹಕ್ಕುಗಳನ್ನು ಅವರು ಬಿಟ್ಟುಕೊಡುವಂತೆ ‘ಕನ್ಸರ್ವೇಷನ್ ಈಸ್‌ಮೆಂಟ್’ ಎಂಬ ಕರಾರು ಮಾಡಿಕೊಳ್ಳುತ್ತದೆ. ನೋಂದಣಿಯಾದ ಈ ಕರಾರು, ಜಮೀನು ಯಾರ ಕೈಗೆ ಹೋದರೂ ಅವರನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಒಬ್ಬರು ಹೋಗಿ ಗಡಿಯುದ್ದಕ್ಕೂ ನಡೆದು, ಒತ್ತುವರಿ ಆಗಿದೆಯೇ ಎಂದು ನೋಡಿ, ಹಿಂದಿನ ಸಲ ನಿಂತ ಜಾಗದಿಂದಲೇ ಚಿತ್ರ ತೆಗೆದು, ವರದಿ ಬರೆಯುತ್ತಾರೆ. ಹೊಸಬರಿಗೆ ಹೆಚ್ಚಾಗಿ ಸಿಗುವುದು ಈ ಕೆಲಸವೇ. ಜೊತೆಗೆ ನಕ್ಷೆ ತಯಾರಿ, ಕಳೆ ತೆಗೆಸುವುದು, ಕಾಲುದಾರಿಗಳ ದುರಸ್ತಿ, ಸ್ವಯಂಸೇವಕರ ಮೇಲ್ವಿಚಾರಣೆ. ದಿನವಿಡೀ ಹಕ್ಕಿ, ಪ್ರಾಣಿ ನೋಡುವ ಆಸೆಯಿದ್ದರೆ ಈ ಫೆಲೋಶಿಪ್ ನಿಮಗೆ ಬೇಡ.

ನಮ್ಮಲ್ಲಿ ಅಂಥ ಕರಾರಿಗೆ ಕಾನೂನಿನ ಆಸರೆಯಿಲ್ಲ. 1882ರ ನಮ್ಮ ಈಸ್‌ಮೆಂಟ್ ಕಾಯ್ದೆ ಪಕ್ಕದ ಜಮೀನಿನವರಿಗಿರುವ ದಾರಿ, ನೀರಿನಂಥ ಹಕ್ಕುಗಳಿಗೆ ಸಂಬಂಧಿಸಿದ್ದು. ಸ್ವಲ್ಪಮಟ್ಟಿಗೆ ಹತ್ತಿರ ಬರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ‘ಸಮುದಾಯ ಮೀಸಲು’. ಮಾಲೀಕರು ಸ್ವಇಚ್ಛೆಯಿಂದ ಮುಂದೆ ಬಂದರೆ ಖಾಸಗಿ ಜಮೀನನ್ನೂ ಹಾಗೆ ಘೋಷಿಸಬಹುದು. ಆದರೆ ಉಸ್ತುವಾರಿಯ ಕೆಲಸಕ್ಕೆ ನಿಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನೇ (ಅಮೃತಮಹಲ್ ತಳಿಯ ದನಗಳ ಮೇವಿಗೆಂದು ಕಾದಿಟ್ಟ ಹುಲ್ಲುಗಾವಲು) ನೋಡಿ: ಕೃಷ್ಣಮೃಗಗಳಿರುವ ಆ ಸಂರಕ್ಷಣಾ ಮೀಸಲಿನಲ್ಲಿ ಹುಲ್ಲನ್ನು ಹುಲ್ಲಾಗಿಯೇ ಉಳಿಸಬೇಕು. ‘ಬರಡು ನೆಲ’ವೆಂದು ಭಾವಿಸಿ ಅಲ್ಲಿ ಸಸಿ ನೆಡುವುದು, ಎಷ್ಟೇ ಒಳ್ಳೆಯ ಮನಸ್ಸಿನಿಂದ ನೆಟ್ಟರೂ, ಆ ಪ್ರಾಣಿಗಳ ನೆಲೆ ಕೆಡಿಸಿದಂತೆ. ಇದನ್ನು ಊರಿನವರಿಗೆ ತಿಳಿಸಿ ಹೇಳುವವರು ಬೇಕು.

ಇನ್ನು ಕಾಫಿ ತೋಟಗಳು. ಭದ್ರಾ ಮತ್ತು ಕುದುರೆಮುಖ ಕಾಡುಗಳ ಆಸುಪಾಸಿನಲ್ಲಿ ವನ್ಯಜೀವಿಗಳಿಗೆ ದಾರಿಯೂ ನೆರಳೂ ಆಗಿರುವುದು ತೋಟದ ಅತ್ತಿ, ಹಲಸು, ನಂದಿ ಮರಗಳು. ಅವುಗಳ ಬದಲು ನೆಡುವ ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೇಲೆ ಮೆಣಸಿನ ಬಳ್ಳಿ ಹಬ್ಬಿಸಬಹುದು. 1976ರ ಮರ ಸಂರಕ್ಷಣಾ ಕಾಯ್ದೆಯಿಂದ ವಿನಾಯಿತಿಯೂ ಇರುವುದರಿಂದ ಕಡಿಯುವುದು ಸುಲಭ. ಹೀಗಿರುವಾಗ ಕಾಡುಮರ ಉಳಿಸಿ ಎಂದು ಬೆಳೆಗಾರರಿಗೆ ಬರಿಯ ಉಪದೇಶ ಮಾಡಿ ಫಲವಿಲ್ಲ. ಅವರ ಜಗಲಿಯಲ್ಲಿ ಕುಳಿತು, ಲೆಕ್ಕ ಕೇಳಿ, ವರ್ಷ ವರ್ಷವೂ ಮತ್ತೆ ಹೋಗಿ ಮಾತನಾಡುವ ತಾಳ್ಮೆ ಬೇಕು. ಲ್ಯಾಂಡ್ ಟ್ರಸ್ಟ್‌ನಲ್ಲಿ ನೀವು ಮುಖ್ಯವಾಗಿ ಕಲಿಯಬೇಕಾದದ್ದು ಮಾಲೀಕರೊಡನೆ ಇಂಥ ಬಾಂಧವ್ಯ ಬೆಳೆಸುವ ಬಗೆಯನ್ನು, ಮತ್ತು ಹತ್ತು ವರ್ಷದ ನಂತರ ಬಂದವರಿಗೂ ಅರ್ಥವಾಗುವಂತೆ ದಾಖಲೆ ಇಡುವುದನ್ನು ಎಂದು ನಾನು ದೃಢವಾಗಿ ನಂಬಿದ್ದೇನೆ.

ಅರ್ಜಿ ಹಾಕುವ ಮುನ್ನ ವಿದೇಶೀಯರಿಗೆ ಅವಕಾಶವಿದೆಯೇ, ವೀಸಾಕ್ಕೆ ಸಂಸ್ಥೆ ಜವಾಬ್ದಾರಿ ಹೊರುತ್ತದೆಯೇ, ವೇತನದಲ್ಲಿ ಬಾಡಿಗೆ ಮತ್ತು ಆರೋಗ್ಯ ವಿಮೆ ಸರಿದೂಗುತ್ತವೆಯೇ ಎಂದು ಬರೆದು ಕೇಳಿ. ತಾಣಗಳು ಊರ ಹೊರಗಿರುವುದರಿಂದ ವಾಹನ ಚಾಲನೆ ಬಹುಶಃ ಅಗತ್ಯವಾಗುತ್ತದೆ. ಮನೆಯವರ ಮಾತನ್ನು ತಳ್ಳಿಹಾಕಬೇಡಿ. ಇಲಾಖೆಯ ಪರೀಕ್ಷೆಗೆ ವಯೋಮಿತಿ ಇನ್ನೂ ಇದ್ದರೆ, ಒಂದು ವರ್ಷದಿಂದ ಆ ಬಾಗಿಲು ಮುಚ್ಚುವುದಿಲ್ಲವೆಂದು ಅವರಿಗೆ ವಿವರಿಸಿ.

ವೀಸಾ ದೊರೆಯದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ, 2002ರ ಜೀವವೈವಿಧ್ಯ ಕಾಯ್ದೆಯಂತೆ ರಚಿಸಬೇಕಾದ ನಿರ್ವಹಣಾ ಸಮಿತಿಯನ್ನೂ, ಊರಿನ ಗಿಡ, ಪ್ರಾಣಿ ಮತ್ತು ಅವುಗಳ ಬಗೆಗಿನ ತಿಳಿವಳಿಕೆಯನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯನ್ನೂ ವಿಚಾರಿಸಿ. ಊರಿನ ಒಂದು ದೇವರಕಾಡನ್ನೋ ಹುಲ್ಲುಬನ್ನಿಯನ್ನೋ ಆರಿಸಿಕೊಂಡು, ಸರ್ವೆ ನಕ್ಷೆ ಹಿಡಿದು ಗಡಿ ನಡೆದು, ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ವರದಿ ಬರೆಯಿರಿ. ಮುಂದಿನ ವರ್ಷದ ಅರ್ಜಿಯ ಜೊತೆ ಅದನ್ನೇ ಲಗತ್ತಿಸಬಹುದು.