ಡಿಜಿಟಲ್ ಸಹಿಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬಂದರೆ ಅದು ನಕಲಿಯೇ?

ಪ್ರಶ್ನೆ: ಕಲಬುರಗಿಯಲ್ಲಿ ಬ್ಯಾಂಕಿಗೆ ಕೊಡಲು ಆದಾಯ ಪ್ರಮಾಣಪತ್ರ ಡೌನ್‌ಲೋಡ್ ಮಾಡಿದೆ. ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಇದೆ. ಮುದ್ರಿಸಿ ನೋಟರಿ ಮಾಡಿಸಿದರೆ ಸರಿಯಾಗುತ್ತದೆಯೇ?

ಉತ್ತರ: ಪತ್ರ ನಕಲಿ ಎಂದು ಆ ಚಿಹ್ನೆ ಹೇಳುತ್ತಿಲ್ಲ. ಸಹಿ ಮಾಡಿದವರನ್ನು ನಿಮ್ಮ ಕಂಪ್ಯೂಟರ್ ಇನ್ನೂ ನಂಬಿಲ್ಲ, ಅಷ್ಟೆ. ನೋಟರಿ ಮುದ್ರೆಯಿಂದ ಅದು ಅಳಿಸುವುದೂ ಇಲ್ಲ.

ಡಿಜಿಟಲ್ ಸಹಿ ಎಂದರೆ ಸಹಿಯ ಚಿತ್ರವಲ್ಲ. ಇಡೀ ಕಡತದಿಂದ ಬೆರಳಚ್ಚಿನಂಥ ಒಂದು ಸಂಖ್ಯೆಯನ್ನು ಲೆಕ್ಕಹಾಕಿ, ಅಧಿಕಾರಿ ತನ್ನ ಗುಪ್ತ ಕೀಲಿಯಿಂದ ಅದಕ್ಕೆ ಬೀಗ ಹಾಕುತ್ತಾರೆ. ಆಮೇಲೆ ಯಾರಾದರೂ 40,000 ಇದ್ದದ್ದನ್ನು 10,000 ಮಾಡಿದರೆ, ಅಷ್ಟೇಕೆ, ಒಂದು ಅಲ್ಪವಿರಾಮ ತೆಗೆದರೂ ಸಂಖ್ಯೆ ತಾಳೆಯಾಗುವುದಿಲ್ಲ. ಆಗ ಕಾಣುವುದು ದೋಷದ ಗುರುತು, ಪ್ರಶ್ನಾರ್ಥಕವಲ್ಲ. ಕೀಲಿ ಯಾರದೆಂಬುದಕ್ಕೆ ಕೊನೆಯ ಆಧಾರವಾಗಿರುವ ಭಾರತೀಯ ರೂಟ್ ಪ್ರಮಾಣಪತ್ರ (ಇದು ನಿಮ್ಮ ಆದಾಯ ಪತ್ರವಲ್ಲ, ಬೇರೆಯೇ ಒಂದು ಡಿಜಿಟಲ್ ಕಡತ) ಪಿಡಿಎಫ್ ತೆರೆಯುವ ನಿಮ್ಮ ತಂತ್ರಾಂಶದ ನಂಬಿಕೆಯ ಪಟ್ಟಿಯಲ್ಲಿ ಇಲ್ಲದಿದ್ದರೆ ಪ್ರಶ್ನಾರ್ಥಕ ಬರುತ್ತದೆ. ಅದನ್ನು ಸೇರಿಸಿ ಮತ್ತೆ ಪರಿಶೀಲಿಸಿದರೆ ಹಸಿರು ಗುರುತು ಮೂಡುತ್ತದೆ.

ಮುದ್ರಿಸಿದ ಕ್ಷಣವೇ ಈ ಸಹಿ ಬರೀ ಶಾಯಿಯಾಗಿಬಿಡುತ್ತದೆ. ಹಾಗಾಗಿ ಬ್ಯಾಂಕಿಗೆ ಕಡತವನ್ನೇ ಕಳುಹಿಸಿ. 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 5ನೇ ಕಲಂ ಡಿಜಿಟಲ್ ಸಹಿಗೆ ಕೈಸಹಿಯಷ್ಟೇ ಮಾನ್ಯತೆ ಕೊಟ್ಟಿದೆ.

ಕೋರ್ಟಿನ ಬಳಿ ಕಪ್ಪು ಕೋಟಿನ ನೋಟರಿಗಳು ದುಂಡು ಮುದ್ರೆ ಒತ್ತಿಕೊಡುವ ನಕಲು ಪ್ರತಿಯ ಲೆಕ್ಕ ಬೇರೆ: ಮೂಲದೊಂದಿಗೆ ಹೋಲಿಸಿ ನೋಡಿದ್ದೇನೆ ಎಂಬ ಮಾತು ಅದು. ಕಾಗದವೇ ಬೇಕೆಂದು ಗುಮಾಸ್ತರು ಹಟ ಹಿಡಿದರೆ, ನೋಟರಿಯ ಮುಂದೆ ಮೊಬೈಲಿನಲ್ಲಿ ಮೂಲ ಕಡತವನ್ನು ತೆರೆದು ತೋರಿಸಿ.